ನೌಬಾದಿನ ಸುರಂಗ ಬಾವಿ ಮತ್ತು ಬೀದರಿನ ಹೊಸ ಪಾಲಿಕೆ

ಬೀದರ್ ನಗರಸಭೆಗೆ ಸುತ್ತಲಿನ ಹಳ್ಳಿಗಳನ್ನು ಸೇರಿಸಿ ಅದನ್ನು ಮಹಾನಗರ ಪಾಲಿಕೆಯಾಗಿ ಮೇಲ್ದರ್ಜೆಗೇರಿಸಲು ರಾಜ್ಯ ಸಚಿವ ಸಂಪುಟ 2025ರ ಆರಂಭದಲ್ಲಿ ಒಪ್ಪಿಗೆ ನೀಡಿದ ಮೇಲೆ ಊರಿನಲ್ಲಿ ಎದ್ದಿರುವ ಪ್ರಶ್ನೆಗಳು ಬಹುಪಾಲು ಲೆಕ್ಕಕ್ಕೆ ಸಂಬಂಧಿಸಿದವು. ಆಸ್ತಿ ತೆರಿಗೆ ಎಷ್ಟು ಏರುತ್ತದೆ, ಯಾವ ಹಳ್ಳಿ ಒಳಗೆ ಬರುತ್ತದೆ, ಯಾವುದು ಹೊರಗೆ ಉಳಿಯುತ್ತದೆ, ವಾರ್ಡುಗಳ ಗಡಿ ಎಲ್ಲಿ ಬೀಳುತ್ತದೆ, ನಿವೇಶನದ ಖಾತಾ ಯಾವ ಬಗೆಯದಾಗುತ್ತದೆ ಎಂಬುವೇ ಅವು. ಇವು ಕೇಳಲೇಬೇಕಾದ ಪ್ರಶ್ನೆಗಳು. ಇವುಗಳ ನಡುವೆ ಕೇಳದೆ ಉಳಿದಿರುವ ಇನ್ನೊಂದು ಪ್ರಶ್ನೆಯಿದೆ. ಹೊಸ ಪಾಲಿಕೆಯು ನಳದ ಪೈಪು, ಒಳಚರಂಡಿ, ರಸ್ತೆ, ಉದ್ಯಾನಗಳನ್ನು ಹಾಸಲು ಹೊರಟಿರುವ ಊರಂಚಿನ ನೆಲದ ಅಡಿಯಲ್ಲಿ ಸುಮಾರು ಐದೂವರೆ ಶತಮಾನಗಳ ಹಿಂದೆ ಹಾಸಿದ ಇನ್ನೊಂದು ನಾಗರಿಕ ಸೇವೆ ಈಗಲೂ ಇದೆ. ಅದನ್ನು ಗುರುತಿಸದೆ ಹೊಸದನ್ನು ಹಾಸಿದರೆ ಹಳೆಯದು ಹಾಳಾಗುತ್ತದೆ, ಹೊಸದೂ ಸರಿಯಾಗಿ ನಿಲ್ಲುವುದಿಲ್ಲ ಎಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ.

ಆ ಹಳೆಯ ಸೇವೆಯ ಹೆಸರು ಕರೇಜ್, ಅಂದರೆ ಎತ್ತರದ ನೆಲದೊಳಗಿನ ನೀರನ್ನು ಸುರಂಗದ ಮೂಲಕ ತಗ್ಗಿನ ಕಡೆಗೆ ಹರಿಸುವ ವ್ಯವಸ್ಥೆ. ಊರವರು ಅದನ್ನು ಸುರಂಗ ಬಾವಿ ಎನ್ನುತ್ತಾರೆ. ಬೀದರಿನಲ್ಲಿ ಈವರೆಗೆ ಗುರುತಿಸಲಾದ ಇಂಥ ವ್ಯವಸ್ಥೆಗಳು ಮುಖ್ಯವಾಗಿ ಮೂರು. ಒಂದು, ನಗರದ ಹೊರವಲಯದ ನೌಬಾದಿನದು; ಎರಡನೆಯದು ಶುಕ್ಲತೀರ್ಥದ್ದು; ಮೂರನೆಯದು ಹಳೆಯ ಕೋಟೆಪಟ್ಟಣದ ಬೀದಿಗಳ ಅಡಿಯಲ್ಲಿ ನೀರು ಹಂಚುತ್ತಿದ್ದ ಜಮ್ನಾ ಮೋರಿ. ಕೇರಳದ ಭೂಗೋಳ ಪ್ರಾಧ್ಯಾಪಕ ವಿ. ಗೋವಿಂದನ್‌ಕುಟ್ಟಿ ಅವರೂ ಸ್ಥಳೀಯ ಉತ್ಸಾಹಿ ಯುವಕರೂ ಕಳೆದ ದಶಕದಲ್ಲಿ ಕೈಗೊಂಡ ಶೋಧದಿಂದಾಗಿ ಇವುಗಳ ಸ್ವರೂಪ ಹೊರಜಗತ್ತಿಗೆ ತಿಳಿಯಿತು. ನೌಬಾದಿನ ಕರೇಜ್ ಇಪ್ಪತ್ತಕ್ಕೂ ಹೆಚ್ಚು ಗಾಳಿಬಾವಿಗಳುಳ್ಳ, ಕೆಲವು ಕಿಲೋಮೀಟರ್ ಉದ್ದದ ಸುರಂಗ. ಶುಕ್ಲತೀರ್ಥದ್ದು ಅದಕ್ಕಿಂತಲೂ ಉದ್ದವಾದುದು; ಅದರ ತಾಯಿಬಾವಿ, ಅಂದರೆ ಸುರಂಗ ಶುರುವಾಗುವ ಬಾವಿ, ಗೊರನಳ್ಳಿ ಕೆರೆಯ ಸಮೀಪದಲ್ಲಿದೆಯೆಂದು ಅಧ್ಯಯನ ಮಾಡಿದವರು ಹೇಳುತ್ತಾರೆ.

ಇದು ಇಲ್ಲಿಯೇ ಏಕೆ ಹುಟ್ಟಿತು ಎಂಬುದನ್ನು ತಿಳಿಯಲು ಬೀದರಿನ ನೆಲವನ್ನು ಸ್ವಲ್ಪ ನೋಡಬೇಕು. ಸಮುದ್ರಮಟ್ಟದಿಂದ ಆರುನೂರು ಮೀಟರಿಗೂ ಎತ್ತರದಲ್ಲಿರುವ ಈ ಪ್ರಸ್ಥಭೂಮಿಯ ಮೇಲ್ಭಾಗದಲ್ಲಿ ಹತ್ತಾರು ಮೀಟರ್ ದಪ್ಪದ ಜಂಬಿಟ್ಟಿಗೆ, ಅಂದರೆ ಊರಿನ ಮಾತಿನ ಕೆಂಪು ಕಲ್ಲು ಇದೆ. ಬೀದರ್ ಕೋಟೆಯ ಮೂರು ಸಾಲಿನ ಕಂದಕವನ್ನು ಕೊರೆದದ್ದು ಈ ಕಲ್ಲಿನಲ್ಲಿಯೇ. ಅದರ ಕೆಳಗೆ ದಖ್ಖನ್ನಿನ ಕರಿಕಲ್ಲಿನ ಪದರವಿದೆ. ಕೆಂಪು ಕಲ್ಲಿನಲ್ಲಿ ತೂತುಗಳು ಹೇರಳ. ಬಿದ್ದ ಮಳೆ ಅದರ ಮೂಲಕ ಜರಡಿಯಲ್ಲಿ ಇಳಿದಂತೆ ಇಳಿಯುತ್ತದೆ. ಕರಿಕಲ್ಲು ಗಟ್ಟಿಯಾದುದರಿಂದ ಆ ನೀರು ಅಲ್ಲಿ ತಡೆದು, ಇಳಿಜಾರು ಇದ್ದ ಕಡೆಗೆ ಅಡ್ಡಡ್ಡವಾಗಿ ಹರಿದು, ಪ್ರಸ್ಥಭೂಮಿಯ ಅಂಚಿನಲ್ಲಿ ಝರಿಯಾಗಿ ಹೊರಬರುತ್ತದೆ. ಗುರುನಾನಕರ ನೆನಪಿನೊಂದಿಗೆ ಬೆಸೆದ ನಾನಕ್ ಝೀರಾ, ಭಕ್ತರು ಎದೆಮಟ್ಟದ ನೀರಿನಲ್ಲಿ ಗುಹೆಯೊಳಗೆ ನಡೆದು ಹೋಗಿ ದರ್ಶನ ಪಡೆಯುವ ಝರಣಿ ನರಸಿಂಹ, ಪಾಪನಾಶ, ಶುಕ್ಲತೀರ್ಥ ಇವೆಲ್ಲ ಊರಿನ ಭಕ್ತಿಯ ನಕ್ಷೆಯಲ್ಲಿ ಬೇರೆ ಬೇರೆ ಸ್ಥಳಗಳು; ನೆಲದ ನಕ್ಷೆಯಲ್ಲಿ ಇವುಗಳಿಗೆ ನೀರುಣಿಸುವುದು ಇದೇ ಕೆಂಪು ಕಲ್ಲಿನ ಪದರ. ಸಿಖ್ಖರು, ಹಿಂದೂಗಳು, ಮುಸಲ್ಮಾನರು ತಮ್ಮ ತಮ್ಮ ನಂಬಿಕೆಯ ಹೆಸರಿಟ್ಟು ಕಾಪಾಡಿಕೊಂಡು ಬಂದದ್ದು ಒಂದೇ ನೀರನ್ನು. ಬೀದರಿನ ಸ್ಥಳೀಯ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಸಂಗತಿ ನನಗೆ ಕಾಣುವುದಿಲ್ಲ.

ಬಹಮನಿ ಸುಲ್ತಾನ ಅಹ್ಮದ್ ಷಾ ವಲಿ 15ನೇ ಶತಮಾನದ ಮೊದಲಾರ್ಧದಲ್ಲಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದಾಗ ಎತ್ತರದ ನೆಲದಲ್ಲಿ ಕೋಟೆ, ಸೈನ್ಯ, ಪೇಟೆ ಎಲ್ಲಕ್ಕೂ ನೀರು ಒದಗಿಸುವ ಸಮಸ್ಯೆ ಎದುರಾಯಿತು. ಸಮೀಪದ ಮಾಂಜ್ರಾ ನದಿ ಕೆಳಗಿನ ಕಣಿವೆಯಲ್ಲಿ ಹರಿಯುತ್ತದೆ; ಯಂತ್ರವಿಲ್ಲದ ಕಾಲದಲ್ಲಿ ಆ ನೀರನ್ನು ಮೇಲೆತ್ತಿ ತರುವುದು ಆಗದ ಮಾತು. ಅದೇ ಕಾಲಕ್ಕೆ ಇರಾನಿನಿಂದ ಆಡಳಿತಗಾರರೂ ವಿದ್ವಾಂಸರೂ ಕುಶಲಕರ್ಮಿಗಳೂ ಬಹಮನಿ ಆಸ್ಥಾನಕ್ಕೆ ಬರುತ್ತಿದ್ದರು. 1472ರಲ್ಲಿ ಮದರಸಾ ಕಟ್ಟಿಸಿದ ಮಹಮೂದ್ ಗವಾನ್ ಅವರಲ್ಲಿ ಹೆಸರಾದವನು. ಇರಾನಿನ ಒಣನೆಲದಲ್ಲಿ ಬೆಟ್ಟದ ಬುಡದ ನೀರನ್ನು ಸುರಂಗದ ಮೂಲಕ ಊರಿಗೆ ತರುವ ವಿದ್ಯೆ ಸಾವಿರಾರು ವರ್ಷ ಹಳೆಯದು. ಅಲ್ಲಿನ ಆಯ್ದ ಹನ್ನೊಂದು ಸುರಂಗಗಳನ್ನು ಯುನೆಸ್ಕೊ 2016ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ದಖ್ಖನ್ನಿನಲ್ಲಿ ಮುಂದೆ ವಿಜಯಪುರ, ಔರಂಗಾಬಾದ್, ಬುರ್ಹಾನ್‌ಪುರಗಳಲ್ಲಿಯೂ ಇದೇ ವಿದ್ಯೆ ಸ್ಥಳಕ್ಕೆ ತಕ್ಕ ರೂಪ ಪಡೆಯಿತು. ಬೀದರಿನಲ್ಲಿ ಅದು ಕೆಂಪು ಕಲ್ಲಿಗೆ ಹೊಂದಿಕೊಂಡಿತು. ಮೃದುವಾದ ಕಲ್ಲನ್ನು ಕೊರೆಯುವುದು ಸುಲಭ, ಕೊರೆದ ಮೇಲೆ ಗಾಳಿ ತಾಗಿದ ಗೋಡೆ ಗಟ್ಟಿಯಾಗಿ ನಿಲ್ಲುತ್ತದೆ.

ಕೆಲಸದ ಕ್ರಮ ಸರಳ, ಅಳತೆಯ ಕೌಶಲ ಮಾತ್ರ ಬೆರಗು ಹುಟ್ಟಿಸುವಂಥದು. ಎತ್ತರದ ಕಡೆ ನೀರಿನ ಪದರವನ್ನು ಮುಟ್ಟುವ ತಾಯಿಬಾವಿಯೊಂದನ್ನು ತೋಡುತ್ತಾರೆ. ಅಲ್ಲಿಂದ ತಗ್ಗಿನ ಕಡೆಗೆ, ನೆಲದ ಇಳಿಜಾರಿಗಿಂತಲೂ ಕಡಿಮೆ ಓರೆಯಲ್ಲಿ ಸುರಂಗ ಸಾಗುತ್ತದೆ. ಓರೆ ಹೆಚ್ಚಾದರೆ ನೀರು ಕೊರೆದು ಗೋಡೆ ಕುಸಿಯುತ್ತದೆ, ಕಡಿಮೆಯಾದರೆ ಹೂಳು ಕಟ್ಟಿ ನಿಲ್ಲುತ್ತದೆ. ದಾರಿಯುದ್ದಕ್ಕೂ ನಿರ್ದಿಷ್ಟ ಅಂತರದಲ್ಲಿ ನೆಲದಿಂದ ಸುರಂಗದವರೆಗೆ ನೇರ ಬಾವಿಗಳನ್ನು ಇಳಿಸುತ್ತಾರೆ. ಅಗೆಯುವಾಗ ಮಣ್ಣು ಮೇಲೆತ್ತಲು, ಆಮೇಲೆ ಗಾಳಿ ಬೆಳಕು ಒಳಗೆ ಬರಲು, ಹೂಳು ತೆಗೆಯಲು, ಅಲ್ಲಲ್ಲಿ ಕೊಡ ಇಳಿಬಿಟ್ಟು ನೀರು ಸೇದಲು ಇವೇ ಬಾವಿಗಳು. ಕೊನೆಗೆ ಸುರಂಗ ನೆಲಮಟ್ಟಕ್ಕೆ ಬಂದ ಕಡೆ ನೀರು ತಾನಾಗಿ ಹೊರಗೆ ಹರಿದು ಹೊಂಡ, ತೋಟ, ಹೊಲಗಳಿಗೆ ಹೋಗುತ್ತದೆ.

ಈ ವ್ಯವಸ್ಥೆಯ ಮುಖ್ಯ ಗುಣವನ್ನು ಇಂದಿನ ಆಡಳಿತ ಗಮನಿಸಬೇಕು. ಸುರಂಗ ತನ್ನ ಮಟ್ಟಕ್ಕಿಂತ ಮೇಲಿರುವ ನೀರನ್ನು ಮಾತ್ರ ಹೊರತರಬಲ್ಲದು. ಮಳೆ ಚೆನ್ನಾಗಿ ಆದ ವರ್ಷ ಹೆಚ್ಚು ಬರುತ್ತದೆ, ಬರಗಾಲದಲ್ಲಿ ಕಡಿಮೆಯಾಗುತ್ತದೆ. ಮುಂದಿನ ತಲೆಮಾರಿನ ಪಾಲನ್ನು ಇಂದೇ ಸೇದುವ ಶಕ್ತಿ ಅದಕ್ಕಿಲ್ಲ. ಬೋರ್‌ವೆಲ್ಲಿನದು ಇದಕ್ಕೆ ತದ್ವಿರುದ್ಧವಾದ ನಡತೆ. ಅದು ಕೆಂಪು ಕಲ್ಲನ್ನು ದಾಟಿ ಕರಿಕಲ್ಲಿನ ಬಿರುಕುಗಳಿಗೆ ಇಳಿಯುತ್ತದೆ, ವಿದ್ಯುತ್ ಇದ್ದಷ್ಟು ಹೊತ್ತು ಎಳೆಯುತ್ತದೆ, ಮೇಲಿನ ಪದರದ ನೀರನ್ನೂ ಕೆಳಕ್ಕೆ ಸೆಳೆದುಕೊಳ್ಳುತ್ತದೆ. ಕರೇಜಿನ ಅಕ್ಕಪಕ್ಕದಲ್ಲಿ ಬೋರ್‌ವೆಲ್ಲುಗಳು ಹೆಚ್ಚಿ ಜಲಮಟ್ಟ ಸುರಂಗದ ತಳಕ್ಕಿಂತ ಒಂದು ಅಡಿ ಕೆಳಗಿಳಿದರೂ ಸಾಕು, ಶತಮಾನಗಳಿಂದ ಹರಿದ ಸುರಂಗ ಒಣಗುತ್ತದೆ. ಅದಕ್ಕೆ ಯಾರೂ ಕಲ್ಲು ಹಾಕಬೇಕಿಲ್ಲ, ಯಾರೂ ಒಡೆಯಬೇಕಿಲ್ಲ.

ಒಣಗುವುದು ಒಂದು ಬಗೆಯ ಸಾವು, ಕೊಳೆಯುವುದು ಇನ್ನೊಂದು. ಒಳಚರಂಡಿ ತಲುಪದ ಹೊಸ ಬಡಾವಣೆಗಳಲ್ಲಿ ಪ್ರತಿ ಮನೆಯೂ ಶೌಚಗುಂಡಿಯನ್ನು, ಬಚ್ಚಲ ನೀರಿಗೆ ಇಂಗುಗುಂಡಿಯನ್ನು ನಂಬಿರುತ್ತದೆ. ಬೇರೆ ನೆಲದಲ್ಲಿ ಮಣ್ಣು ಸೋಸಿಕೊಳ್ಳುವ ಕೊಳೆಯನ್ನು ತೂತುತೂತಾದ ಕೆಂಪು ಕಲ್ಲು ಅಷ್ಟಾಗಿ ಸೋಸುವುದಿಲ್ಲ. ಮಳೆನೀರನ್ನು ಬೇಗ ಒಳಗೆ ಬಿಟ್ಟುಕೊಳ್ಳುವ ಅದೇ ಗುಣ ಗುಂಡಿಯ ನೀರನ್ನೂ ಬೇಗ ಒಳಗೆ ಬಿಟ್ಟುಕೊಳ್ಳುತ್ತದೆ. ಆದ್ದರಿಂದ ನೌಬಾದಿನಂಥ ಊರಂಚಿಗೆ ಒಳಚರಂಡಿ ಒಯ್ಯುವುದು ಕರೇಜಿನ ರಕ್ಷಣೆಗೆ ಮಾಡಬಹುದಾದ ಅತ್ಯುತ್ತಮ ಕೆಲಸ. ಪರಂಪರೆಯ ರಕ್ಷಣೆಯೆಂದರೆ ಅಭಿವೃದ್ಧಿಯನ್ನು ತಡೆಯುವುದು ಎಂದು ತಿಳಿದಿರುವವರು ಇದನ್ನು ಗಮನಿಸಬೇಕು. ಹಾಗೆಯೇ, ಸುರಂಗದ ರೇಖೆ ಎಲ್ಲಿದೆಯೆಂದು ತಿಳಿಯದೆ ಯಂತ್ರದಿಂದ ಚರಂಡಿಯ ಕಾಲುವೆ ತೋಡಿದರೆ ಗಾಳಿಬಾವಿಯ ಗೋಡೆ ಒಡೆದು ಚರಂಡಿಯೇ ಸುರಂಗಕ್ಕೆ ಇಳಿಯುವ ಅಪಾಯವೂ ಅಷ್ಟೇ ನಿಜ. ಒಂದೇ ಕಾಮಗಾರಿ, ನಕ್ಷೆ ಇದ್ದರೆ ರಕ್ಷಣೆ, ಇಲ್ಲದಿದ್ದರೆ ನಾಶ.

ಗಾಳಿಬಾವಿಗಳ ವಿಷಯವೂ ಹೀಗೆಯೇ. ಅವುಗಳ ಬಾಯಿ ಸುತ್ತಲಿನ ನೆಲಕ್ಕಿಂತ ಎತ್ತರದಲ್ಲಿದ್ದರೆ ಮೇಲಿನ ಕೊಚ್ಚೆ ಒಳಗೆ ಇಳಿಯುವುದಿಲ್ಲ. ರಸ್ತೆಯ ಮೇಲೆ ರಸ್ತೆ ಹಾಕಿ ಮಟ್ಟ ಏರಿಸುತ್ತ ಹೋದರೆ ಬಾಯಿ ತಗ್ಗಿಗೆ ಬೀಳುತ್ತದೆ. ಕಟ್ಟಡದ ಅವಶೇಷ ಸುರಿಯಲು ಹತ್ತಿರದಲ್ಲೊಂದು ಗುಂಡಿ ಇದೆ ಎಂದಷ್ಟೇ ತಿಳಿದವರಿಗೆ ಅದು ಬಾವಿಯೆಂದು ಹೇಳುವ ಒಂದು ಫಲಕ, ಮಕ್ಕಳು ಬೀಳದಂತೆ ಒಂದು ಕಬ್ಬಿಣದ ಜಾಲರಿ, ಸುತ್ತ ಮೊಣಕಾಲೆತ್ತರದ ಕಟ್ಟೆ ಇಷ್ಟಿದ್ದರೆ ಅರ್ಧ ರಕ್ಷಣೆ ಆದಂತೆ. ಇದಕ್ಕೆ ದೊಡ್ಡ ಅನುದಾನ ಬೇಕಿಲ್ಲ.

2015–16ರ ಬರಗಾಲದಲ್ಲಿ ಜಿಲ್ಲಾಡಳಿತದ ಆಸಕ್ತಿಯಿಂದ ಬೀದರಿನಲ್ಲಿ ಕೆರೆ, ತೆರೆದ ಬಾವಿ, ಕರೇಜುಗಳ ಹೂಳೆತ್ತುವ ಕೆಲಸ ನಡೆಯಿತು. ಹೂಳು ತೆಗೆದ ನೌಬಾದಿನ ಸುರಂಗದಲ್ಲಿ ನೀರು ಮತ್ತೆ ಕಾಣಿಸಿಕೊಂಡಿತು. ಆ ವರ್ಷಗಳನ್ನು ಇಲ್ಲಿ ನೆನೆಯಲು ಕಾರಣವಿದೆ. ಇದೇ ಮಾಂಜ್ರಾ ಕಣಿವೆಯ ಮೇಲ್ಭಾಗದಲ್ಲಿರುವ ನೆರೆಯ ಲಾತೂರಿಗೆ 2016ರ ಏಪ್ರಿಲ್‌ನಲ್ಲಿ ಮೀರಜ್‌ನಿಂದ ರೈಲಿನಲ್ಲಿ ಕುಡಿಯುವ ನೀರು ತರಬೇಕಾಯಿತು. ಮಾಂಜ್ರಾ ಜಲಾಶಯವೊಂದನ್ನೇ ನಂಬಿದ್ದ ಊರಿಗೆ ಆ ಜಲಾಶಯ ಬತ್ತಿದಾಗ ಎರಡನೆಯ ದಾರಿ ಇರಲಿಲ್ಲ. ಬೀದರ್ ನಗರ ಇಂದು ಕುಡಿಯುವ ನೀರಿಗೆ ನಂಬಿರುವುದು ಮಾಂಜ್ರಾ ನದಿಯನ್ನು ಮತ್ತು ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿಯಲ್ಲಿ ಕಟ್ಟಿದ ಕಾರಂಜಾ ಜಲಾಶಯವನ್ನು. ಕಾರಂಜಾ ಕೂಡ ಮಾಂಜ್ರಾದ ಉಪನದಿಯೇ. ಎರಡೂ ಒಂದೇ ಕಣಿವೆಯ ಮಳೆಯನ್ನು ಕಾಯುತ್ತವೆ, ಎರಡೂ ಕಡೆಯಿಂದ ನೀರನ್ನು ವಿದ್ಯುತ್ ಖರ್ಚು ಮಾಡಿ ಪ್ರಸ್ಥಭೂಮಿಗೆ ಎತ್ತಬೇಕು. ಬರ ಬಂದರೆ ಎರಡೂ ಒಟ್ಟಿಗೆ ಸೊರಗುತ್ತವೆ.

ಹಾಗೆಂದು ಕರೇಜ್ ನಗರಕ್ಕೆಲ್ಲ ನೀರು ಕೊಡುತ್ತದೆ ಎಂದು ಹೇಳುವುದು ಪ್ರಾಮಾಣಿಕವಾಗದು. ಒಳಚರಂಡಿ ಇರುವ ನಗರಗಳಲ್ಲಿ ತಲೆಗೆ ದಿನಕ್ಕೆ 135 ಲೀಟರ್ ಎಂಬುದು ಸರ್ಕಾರದ ಮಾನದಂಡ. ಗ್ರಾಮೀಣ ಭಾಗಕ್ಕೆ ಜಲಜೀವನ್ ಯೋಜನೆ ಇಟ್ಟುಕೊಂಡಿರುವ ಮಾನದಂಡ 55 ಲೀಟರ್. ಮೂರು ಲಕ್ಷ ಜನರಿರುವ ಪಾಲಿಕೆಗೆ ಮೊದಲ ಲೆಕ್ಕದಲ್ಲಿ ದಿನಕ್ಕೆ ನಾಲ್ಕು ಕೋಟಿ ಲೀಟರಿಗೂ ಹೆಚ್ಚು ನೀರು ಬೇಕು. ಅಂದಿನ ರಾಜಧಾನಿಯ ಜನರಿಗಾಗಿ ಕೊರೆದ ಸುರಂಗಗಳು ಅದನ್ನು ಕೊಡಲಾರವು. ಅವು ಕೊಡಬಲ್ಲದು ಬೇರೆ: ಉದ್ಯಾನ, ಶಾಲೆಯ ಕೈತೋಟ, ದನಕರುಗಳ ತೊಟ್ಟಿ, ಸುರಂಗದ ಬಾಯಿಯ ಕೆಳಗಿನ ತರಕಾರಿ ಹೊಲ, ಕಟ್ಟಡ ಕಾಮಗಾರಿ ಇವುಗಳಿಗೆ ಕುಡಿಯುವ ನೀರನ್ನು ಸುರಿಯದಂತೆ ಉಳಿಸುವುದು, ಬೇಸಿಗೆಯಲ್ಲಿ ಟ್ಯಾಂಕರಿನ ಮೇಲಿನ ಅವಲಂಬನೆಯನ್ನು ತಗ್ಗಿಸುವುದು. ಎಲ್ಲಕ್ಕಿಂತ ಮಿಗಿಲಾಗಿ, ಕರೇಜ್ ಹರಿಯುತ್ತಿದೆಯೇ ಇಲ್ಲವೇ ಎಂಬುದು ಆ ಭಾಗದ ಅಂತರ್ಜಲದ ಆರೋಗ್ಯಕ್ಕೆ ಕಣ್ಣಿಗೆ ಕಾಣುವ ಅಳತೆಗೋಲು. ಅದು ಬತ್ತಿದ ವರ್ಷ ಅಲ್ಲಿ ಹೊಸ ಬೋರ್‌ವೆಲ್ ಕೊರೆಯಲು ಅನುಮತಿ ಕೊಡಬಾರದು ಎಂದು ನಿಯಮ ಮಾಡಿದರೆ ಅದಕ್ಕೆ ಪ್ರಯೋಗಾಲಯದ ವರದಿ ಬೇಕಾಗುವುದಿಲ್ಲ.

ಈಗ ಆಡಳಿತದ ಬದಲಾವಣೆಗೆ ಬರೋಣ. ಕರ್ನಾಟಕ ಪೌರ ನಿಗಮಗಳ ಅಧಿನಿಯಮ 1976ರ ಪ್ರಕಾರ ಒಂದು ಪ್ರದೇಶ ಮಹಾನಗರ ಪಾಲಿಕೆಯಾಗಲು ಜನಸಂಖ್ಯೆ ಕನಿಷ್ಠ ಮೂರು ಲಕ್ಷ, ಚದರ ಕಿಲೋಮೀಟರಿಗೆ ಕನಿಷ್ಠ 3,000 ಜನಸಾಂದ್ರತೆ, ನಿಗದಿತ ಆದಾಯ ಮತ್ತು ಅರ್ಧದಷ್ಟಾದರೂ ಕೃಷಿಯೇತರ ಉದ್ಯೋಗ ಇರಬೇಕು. 2011ರ ಜನಗಣತಿಯಲ್ಲಿ ಬೀದರ್ ನಗರದ ಜನಸಂಖ್ಯೆ ಸುಮಾರು 2.16 ಲಕ್ಷ, ಮುಂದಿನ ಜನಗಣತಿ 2027ಕ್ಕೆ ನಿಗದಿಯಾಗಿದೆ. ಸುತ್ತಲಿನ ಹಳ್ಳಿಗಳು ಸೇರಿದರೆ ಮೂರು ಲಕ್ಷದ ಗೆರೆ ಸುಲಭವಾಗಿ ದಾಟುತ್ತದೆ. ಹಳ್ಳಿಗಳು ಹೀಗೆ ತಲೆಲೆಕ್ಕವಾಗಿ ಒಳಗೆ ಬರುವಾಗ ಅವು ಏನನ್ನು ಬಿಟ್ಟು ಬರುತ್ತವೆ ಎಂಬುದನ್ನು ಯಾರೂ ಕೂಡಿ ಕಳೆದು ನೋಡಿದಂತೆ ಕಾಣುವುದಿಲ್ಲ.

ಮೊದಲನೆಯದಾಗಿ ಗ್ರಾಮಸಭೆ ಹೋಗುತ್ತದೆ. ಗ್ರಾಮಸಭೆಯ ನಡಾವಳಿ ಎಷ್ಟೇ ಸೊರಗಿರಲಿ, ಆರು ತಿಂಗಳಿಗೊಮ್ಮೆ ಊರಿನ ಮತದಾರರೆಲ್ಲ ಕೂಡಿ ಕೇಳುವ ಕಾನೂನಿನ ಹಕ್ಕು ಅದು. ನಗರದಲ್ಲಿ ಅದರ ಜಾಗಕ್ಕೆ ಬರಬೇಕಾದದ್ದು ವಾರ್ಡ್ ಸಮಿತಿ. ಮೂರು ಲಕ್ಷ ಮತ್ತು ಅದಕ್ಕಿಂತ ಹೆಚ್ಚು ಜನರಿರುವ ನಗರಗಳಲ್ಲಿ ಅದು ಇರಲೇಬೇಕೆಂದು ಸಂವಿಧಾನದ 74ನೇ ತಿದ್ದುಪಡಿ ಹೇಳುತ್ತದೆ. ಕಾಗದದ ಮೇಲಿನ ಹಕ್ಕಿಗೂ ನಡೆಯುವುದಕ್ಕೂ ಇರುವ ದೂರವನ್ನು ನಮ್ಮ ಪಕ್ಕದ ಕಲಬುರಗಿಯಲ್ಲಿಯೇ ನೋಡಬಹುದು. ಅಲ್ಲಿನ ಪಾಲಿಕೆಯ 55 ವಾರ್ಡುಗಳಿಗೆ 2021ರ ಸೆಪ್ಟೆಂಬರಿನಲ್ಲಿ ಚುನಾವಣೆ ನಡೆಯಿತು. ಮೇಯರ್ ಆಯ್ಕೆಯಾದದ್ದು 2023ರ ಮಾರ್ಚಿನಲ್ಲಿ. ಅಷ್ಟು ಕಾಲ ಗೆದ್ದ ಸದಸ್ಯರಿದ್ದೂ ಆಡಳಿತ ಅಧಿಕಾರಿಗಳ ಕೈಯಲ್ಲಿಯೇ ಉಳಿಯಿತು. ಬೀದರಿನಲ್ಲಿ ಪಾಲಿಕೆಯ ಮೊದಲ ಚುನಾವಣೆಗೂ ಮೊದಲೇ ಪೈಪು, ರಸ್ತೆ, ಬಡಾವಣೆಗಳ ತೀರ್ಮಾನಗಳು ಆಗಿಬಿಡುವ ಸಾಧ್ಯತೆಯಿದೆ. ಆ ನಡುವಿನ ಅವಧಿಯಲ್ಲಿ ಹಳ್ಳಿಯವರಿಗೆ ಗ್ರಾಮಸಭೆಯೂ ಇರುವುದಿಲ್ಲ, ವಾರ್ಡ್ ಸಮಿತಿಯೂ ಇರುವುದಿಲ್ಲ.

ಎರಡನೆಯದು ಉದ್ಯೋಗ ಖಾತ್ರಿ. ಅದು ಗ್ರಾಮೀಣ ಪ್ರದೇಶಕ್ಕೆ ಮಾತ್ರ ಅನ್ವಯವಾಗುತ್ತದೆ. ಕೆರೆಯ ಹೂಳೆತ್ತುವುದು, ಬದು ಹಾಕುವುದು, ಇಂಗುಗುಂಡಿ ತೋಡುವುದು ಇಂಥ ಕೆಲಸಗಳಿಗೆ ಕೂಲಿ ಸಿಗುತ್ತಿದ್ದ ಊರು ನಗರವಾದ ದಿನ ಆ ದಾರಿ ಮುಚ್ಚುತ್ತದೆ. ಕೂಲಿಯವರಿಗೆ ಆಗುವ ನಷ್ಟ ಒಂದು ಕಡೆಗಾದರೆ, ನೀರಿನ ಮೂಲಗಳ ವಾರ್ಷಿಕ ನಿರ್ವಹಣೆಗೆ ಸಿಗುತ್ತಿದ್ದ ಕೈಗಳೂ ಇಲ್ಲವಾಗುತ್ತವೆ. ಕರೇಜಿನ ಹೂಳು ಒಮ್ಮೆ ತೆಗೆದರೆ ಮುಗಿಯುವ ಕೆಲಸವಲ್ಲ. ಪ್ರತಿ ಮಳೆಗಾಲದ ನಂತರ ನೋಡಿಕೊಳ್ಳಬೇಕು. ಪಾಲಿಕೆಯ ಬಜೆಟ್ಟಿನಲ್ಲಿ ಇದಕ್ಕೊಂದು ಕಾಯಂ ಶೀರ್ಷಿಕೆ ಇಲ್ಲದಿದ್ದರೆ 2016ರಲ್ಲಿ ಮಾಡಿದ ಕೆಲಸ ಇನ್ನೊಬ್ಬ ಆಸಕ್ತ ಅಧಿಕಾರಿ ಬರುವವರೆಗೆ ಕಾಯಬೇಕಾಗುತ್ತದೆ. ಅಧಿಕಾರಿಗಳು ವರ್ಗವಾಗುತ್ತಾರೆ, ಸುರಂಗ ಅಲ್ಲೇ ಇರುತ್ತದೆ.

ಆರೋಗ್ಯದ ಲೆಕ್ಕವೂ ಬದಲಾಗುತ್ತದೆ. ಬಯಲುಸೀಮೆಯ ಹಳ್ಳಿಗಾಡಿನಲ್ಲಿ 5,000 ಜನರಿಗೊಂದು ಉಪಕೇಂದ್ರ, 30,000 ಜನರಿಗೊಂದು ಪ್ರಾಥಮಿಕ ಆರೋಗ್ಯ ಕೇಂದ್ರ ಎಂಬುದು ಮಾನದಂಡ. ನಗರದಲ್ಲಿ 50,000 ಜನರಿಗೊಂದು ನಗರ ಪ್ರಾಥಮಿಕ ಆರೋಗ್ಯ ಕೇಂದ್ರ. ಬೀದರ್ ನಗರದೊಳಗೆ ಸರ್ಕಾರಿ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಆಸ್ಪತ್ರೆ ಇದೆ ಎಂಬುದು ನಿಜ. ಆದರೆ ಮನೆಬಾಗಿಲಿಗೆ ಬಂದು ಬಸುರಿಯ ರಕ್ತದೊತ್ತಡ ನೋಡುತ್ತಿದ್ದ ಉಪಕೇಂದ್ರದ ಕಾರ್ಯಕರ್ತೆಯ ಕೆಲಸವನ್ನು ಆ ದೊಡ್ಡ ಆಸ್ಪತ್ರೆ ಮಾಡುವುದಿಲ್ಲ. ಹಳ್ಳಿಗಳನ್ನು ಸೇರಿಸುವ ಆದೇಶದಲ್ಲಿಯೇ ಈಗಿರುವ ಉಪಕೇಂದ್ರಗಳು ಮುಂದುವರಿಯುತ್ತವೆ ಎಂಬ ಒಂದು ಸಾಲು ಬೇಕು. ಅಂಗನವಾಡಿಗಳ ಬಗ್ಗೆ ಇಷ್ಟು ಆತಂಕವಿಲ್ಲ. ಅವು ಎರಡೂ ಕಡೆ ಒಂದೇ ಇಲಾಖೆಯ ಅಡಿಯಲ್ಲಿವೆ.

ಗ್ರಂಥಾಲಯಗಳ ಮಾತನ್ನು ಇಲ್ಲಿ ಸೇರಿಸುವುದು ಕೆಲವರಿಗೆ ಅನಗತ್ಯವೆನಿಸಬಹುದು, ನನಗೆ ಅದು ಮುಖ್ಯವೆನಿಸುತ್ತದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದು ಅರಿವು ಕೇಂದ್ರಗಳಾಗಿ ಬೆಳೆದಿವೆ. ರಾಜ್ಯದ ಎಷ್ಟೋ ಹಳ್ಳಿಗಳಲ್ಲಿ ಮಕ್ಕಳು ಸಂಜೆ ಹೋಗಿ ಕೂರುವ ಒಂದೇ ಸಾರ್ವಜನಿಕ ಕೋಣೆ ಅದು. ಪಂಚಾಯಿತಿ ಇಲ್ಲವಾದರೆ ಅದು ಯಾವ ಇಲಾಖೆಯ ಮಗುವಾಗುತ್ತದೆ? ನಗರದಲ್ಲಿ 1965ರ ಸಾರ್ವಜನಿಕ ಗ್ರಂಥಾಲಯ ಅಧಿನಿಯಮದಂತೆ ಆಸ್ತಿ ತೆರಿಗೆಯ ಜತೆ ಗ್ರಂಥಾಲಯ ಕರ ವಸೂಲಾಗುತ್ತದೆ. ತೆರಿಗೆ ಏರುವ ಹಳ್ಳಿಗಳಿಂದ ಈ ಕರವೂ ಬರುತ್ತದೆ. ಅವೇ ಹಳ್ಳಿಗಳ ಅರಿವು ಕೇಂದ್ರಗಳನ್ನು ಉಳಿಸಿ, ಪ್ರತಿಯೊಂದರಲ್ಲಿ ಆ ಊರಿನ ಇತಿಹಾಸಕ್ಕೆಂದು ಒಂದು ಕಪಾಟು ತೆರೆಯಲು ಆ ಹಣ ಸಾಕು.

ಆ ಕಪಾಟಿನಲ್ಲಿ ಇಡುವುದೇನು ಎಂಬುದು ನಿಜವಾದ ಪ್ರಶ್ನೆ, ಏಕೆಂದರೆ ಬೀದರಿನ ಕಾಗದಪತ್ರಗಳ ಸ್ಥಿತಿ ಬೇರೆ ಜಿಲ್ಲೆಗಳಂತಿಲ್ಲ. 1948ರ ಸೆಪ್ಟೆಂಬರಿನವರೆಗೆ ಇದು ನಿಜಾಮರ ಹೈದರಾಬಾದಿನ ಭಾಗ. ಕಂದಾಯದ ದಾಖಲೆಗಳು ಉರ್ದುವಿನಲ್ಲಿದ್ದವು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಹಳೆಯ ಬೀದರ್ ಜಿಲ್ಲೆಯೇ ಮೂರು ಪಾಲಾಯಿತು: ಉದಗೀರ್ ಕಡೆಯ ಮರಾಠಿ ಭಾಗ ಆಗಿನ ಬೊಂಬಾಯಿ ರಾಜ್ಯಕ್ಕೆ, ಜಹೀರಾಬಾದ್ ನಾರಾಯಣಖೇಡ ಕಡೆಯ ತೆಲುಗು ಭಾಗ ಆಂಧ್ರಕ್ಕೆ, ಉಳಿದದ್ದು ಅಂದಿನ ಮೈಸೂರು ರಾಜ್ಯಕ್ಕೆ. ಇನಾಮು ಭೂಮಿ, ಬಾವಿಯ ಹಕ್ಕು, ನೀರಿನ ಪಾಳಿ ಇಂಥ ಸಂಗತಿಗಳ ಸುಳಿವು ಇರಬಹುದಾದ ಕಾಗದಗಳನ್ನು ಇಂದಿನ ಸರ್ವೆ ಸಿಬ್ಬಂದಿ ಓದಲಾರರು. ಓದಬಲ್ಲ ಹಿರಿಯರು ದಿನದಿನಕ್ಕೆ ಕಡಿಮೆಯಾಗುತ್ತಿದ್ದಾರೆ. ಹಿಂದಿನ ಹೈದರಾಬಾದ್ ಸೀಮೆಯಲ್ಲಿ ಜಮೀನಿನ ತಕರಾರು ಬಂದಾಗಲೆಲ್ಲ ಜನ ಹುಡುಕುವ 1954–55ರ ಖಾಸ್ರಾ ಪಹಣಿಯನ್ನು ಕರೇಜಿನ ರೇಖೆಯುದ್ದಕ್ಕೂ ಸರ್ವೆ ನಂಬರಿಗೆ ಸರ್ವೆ ನಂಬರು ಇಟ್ಟು ನೋಡಿದರೆ, ಯಾವ ಬಾವಿ ಸರ್ಕಾರಿ ನೆಲದಲ್ಲಿತ್ತು, ಯಾವುದು ಖಾಸಗಿಯವರ ಹೊಲದಲ್ಲಿತ್ತು ಎಂಬುದರ ಬಗ್ಗೆ ಸುಳಿವು ಸಿಗುವ ಸಾಧ್ಯತೆಯಿದೆ. ಇದು ಇತಿಹಾಸಕಾರರ ಹವ್ಯಾಸದ ಕೆಲಸವೆಂದು ತಳ್ಳಿಹಾಕುವಂತಿಲ್ಲ. ಒತ್ತುವರಿಯ ಮೊಕದ್ದಮೆ ನ್ಯಾಯಾಲಯಕ್ಕೆ ಬಂದ ದಿನ ಪಾಲಿಕೆಯ ವಕೀಲರ ಕೈಯಲ್ಲಿ ಇರಬೇಕಾದ ಕಾಗದ ಇದು.

ಹಳೆಯ ಬೀದರ್ ತನ್ನ ಸೇವೆಗಳನ್ನು ಬಡಾವಣೆಯ ಮಟ್ಟದಲ್ಲಿ ಹಂಚಿಕೊಂಡಿದ್ದ ರೀತಿಯನ್ನೂ ಹೊಸ ಪಾಲಿಕೆ ನೆನಪಿಟ್ಟುಕೊಳ್ಳಬಹುದು. ಶಹಾಗಂಜ್, ಫತೇ, ಮಂಗಲಪೇಟೆ, ದುಲ್ಹನ್, ತಾಲಘಾಟ್ ಎಂಬ ಐದು ದರ್ವಾಜಾಗಳ ಒಳಗಿನ ಪಟ್ಟಣದ ನಡುವೆ ಚೌಬಾರಾ ಎಂಬ ಕಾವಲು ಗೋಪುರ ನಿಂತಿದೆ. ಪಟ್ಟಣದ ನಾಲ್ಕು ಭಾಗಗಳಿಗೆ ನಾಲ್ಕು ತಾಲೀಮುಗಳಿದ್ದವು. ಕುಸ್ತಿ, ವ್ಯಾಯಾಮ ಕಲಿಸುತ್ತಿದ್ದ ಆ ಗರಡಿಗಳು ತಮ್ಮ ತಮ್ಮ ಓಣಿಯ ಹುಡುಗರು ಕೂಡುವ ಜಾಗಗಳೂ ಆಗಿದ್ದವು. ಪ್ರತಿ ಭಾಗಕ್ಕೂ ತನ್ನದೇ ಆದ ಒಂದು ಸಾರ್ವಜನಿಕ ಮನೆ ಬೇಕೆಂಬ ಆ ತಿಳಿವಳಿಕೆ, ನಿವೇಶನದ ಮೇಲೆ ನಿವೇಶನ ಜೋಡಿಸಿದ ಹೊಸ ಬಡಾವಣೆಗಳಲ್ಲಿ ಕಾಣುವುದಿಲ್ಲ.

ಬಡಾವಣೆಗಳ ವಿಷಯದಲ್ಲಿಯೇ ಅತ್ಯಂತ ತುರ್ತಾದ ಕೆಲಸ ಇರುವುದು. 2025ರಲ್ಲಿ ರಾಜ್ಯದ ನಗರ ಸ್ಥಳೀಯ ಸಂಸ್ಥೆಗಳಲ್ಲಿ ಅನುಮೋದನೆ ಇಲ್ಲದ ಬಡಾವಣೆಗಳ ನಿವೇಶನಗಳಿಗೆ ಬಿ ಖಾತಾ ಕೊಡುವ ಅಭಿಯಾನ ನಡೆಯಿತು. ಸಾಲಸೋಲ ಮಾಡಿ ನಿವೇಶನ ಕೊಂಡ ಶಿಕ್ಷಕರಿಗೆ, ಸಣ್ಣ ವ್ಯಾಪಾರಿಗಳಿಗೆ, ಹಳ್ಳಿಯಿಂದ ಬಂದು ನೆಲೆಸಿದ ಕುಟುಂಬಗಳಿಗೆ ಇದು ನ್ಯಾಯವಾದ ನೆಮ್ಮದಿ. ಅದರ ಜತೆಗೇ ಒಂದು ಅಪಾಯವೂ ಇದೆ: ಗಾಳಿಬಾವಿಯೊಂದು ನಿವೇಶನದ ಗಡಿಯೊಳಗೆ ಸೇರಿ ಖಾತೆಯಾಗಿಬಿಟ್ಟರೆ ಅದನ್ನು ಹಿಂದೆ ಪಡೆಯುವುದು ವರ್ಷಗಳ ವ್ಯಾಜ್ಯದ ಮಾತು. ಆದ್ದರಿಂದ ಖಾತಾ ಕೊಡುವ ಮೊದಲು ಕರೇಜಿನ ರೇಖೆಯನ್ನು ಸರ್ವೆ ನಕ್ಷೆಯಲ್ಲಿ ಗುರುತಿಸಬೇಕು. ಆ ರೇಖೆ ಹಾದುಹೋಗುವ ಸರ್ವೆ ನಂಬರುಗಳ ಪಹಣಿಯಲ್ಲಿ ಅದನ್ನು ನಮೂದಿಸಬೇಕು.

ಇನ್ನು ಮುಂದೆ ಅನುಮೋದನೆಗೆ ಬರುವ ಬಡಾವಣೆಗಳಿಗೆ ದಾರಿ ಸುಲಭ. ಉದ್ಯಾನಕ್ಕೂ ನಾಗರಿಕ ಸೌಲಭ್ಯಕ್ಕೂ ಪ್ರತಿ ಬಡಾವಣೆ ಇಂತಿಷ್ಟು ಜಾಗ ಬಿಡಲೇಬೇಕೆಂಬ ನಿಯಮ ಈಗಾಗಲೇ ಇದೆ. ಆ ಜಾಗ ಯಾವ ಮೂಲೆಯಲ್ಲಿರಬೇಕೆಂದು ತೀರ್ಮಾನಿಸುವಾಗ, ಕರೇಜ್ ಹಾದುಹೋಗುವ ಪಟ್ಟಿಯ ಮೇಲೆಯೇ ಅದು ಬರಬೇಕು ಎಂದು ನಗರಾಭಿವೃದ್ಧಿ ಪ್ರಾಧಿಕಾರ ಷರತ್ತು ಹಾಕಿದರೆ ಜಮೀನಿನ ಒಡೆಯರು ಒಂದು ಗುಂಟೆಯನ್ನೂ ಹೆಚ್ಚಿಗೆ ಕಳೆದುಕೊಳ್ಳುವುದಿಲ್ಲ, ಬಡಾವಣೆಗೆ ನೆಲದಡಿಯ ನೀರಿನ ಮೇಲೆ ಒಂದು ಉದ್ದನೆಯ ಉದ್ಯಾನ ಸಿಗುತ್ತದೆ, ಬಾವಿಗಳಿಗೆ ಉಸಿರಾಡಲು ಜಾಗವಿರುತ್ತದೆ. ಈಗಾಗಲೇ ಮಾರಾಟವಾದ ನಿವೇಶನಗಳಲ್ಲಿ ಬಾವಿ ಸಿಕ್ಕಿಕೊಂಡಿದ್ದರೆ ವರ್ಗಾಯಿಸಬಹುದಾದ ಅಭಿವೃದ್ಧಿ ಹಕ್ಕನ್ನೋ (ಬಿಟ್ಟುಕೊಟ್ಟ ನೆಲಕ್ಕೆ ಬದಲಾಗಿ ಬೇರೆಡೆ ಹೆಚ್ಚು ಕಟ್ಟುವ ಹಕ್ಕು) ಬದಲಿ ನಿವೇಶನವನ್ನೋ ಕೊಡಬೇಕಾಗುತ್ತದೆ. ಕೊಂಡವರನ್ನು ಅಪರಾಧಿಗಳಂತೆ ನೋಡಿದರೆ ಅವರು ಬಾವಿಯನ್ನು ರಾತ್ರೋರಾತ್ರಿ ಮುಚ್ಚುತ್ತಾರೆಯೇ ಹೊರತು ತೋರಿಸುವುದಿಲ್ಲ.

ಸ್ಮಾರಕಗಳ ಕಾನೂನು ಇದನ್ನೆಲ್ಲ ನೋಡಿಕೊಳ್ಳುತ್ತದೆ ಎಂಬ ನಂಬಿಕೆ ಊರಿನಲ್ಲಿದೆ. ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ ಎಂಬ 2010ರ ತಿದ್ದುಪಡಿ ಕೋಟೆಗೆ, ಮದರಸಾಕ್ಕೆ, ಅಷ್ಟೂರಿನ ಗುಂಬಜಗಳಿಗೆ ಒಪ್ಪುತ್ತದೆ. ಅವು ನೆಲದ ಮೇಲೆ ಕಣ್ಣಿಗೆ ಕಾಣುವ, ಬೇಲಿ ಹಾಕಬಹುದಾದ ಕಟ್ಟಡಗಳು. ಹೊಲ, ರಸ್ತೆ, ಮನೆಗಳ ಅಡಿಯಲ್ಲಿ ಕಿಲೋಮೀಟರುಗಟ್ಟಲೆ ಸಾಗುವ, ಇಂದಿಗೂ ಕೆಲಸ ಮಾಡಬಲ್ಲ ಸುರಂಗಕ್ಕೆ ಇಂಥ ವೃತ್ತಾಕಾರದ ನಿಷೇಧ ಹೊಂದುವುದಿಲ್ಲ. ಅಷ್ಟು ಅಗಲದ ನಿಷೇಧ ಹೇರಿದರೆ ನೌಬಾದಿನ ಜನ ಅನುಮತಿಯಿಲ್ಲದೆ ಮನೆ ದುರಸ್ತಿಯನ್ನೂ ಮಾಡಿಕೊಳ್ಳಲಾರರು, ಕರೇಜನ್ನು ತಮ್ಮ ಶತ್ರುವೆಂದು ತಿಳಿಯುತ್ತಾರೆ. ಅದಕ್ಕೆ ಬೇಕಾದದ್ದು ಕಿರಿದಾದ ಪಟ್ಟಿ, ಖಚಿತವಾದ ಮೂರು ನಾಲ್ಕು ನಿಷೇಧಗಳು: ಆ ಪಟ್ಟಿಯಲ್ಲಿ ಬೋರ್‌ವೆಲ್ ಇಲ್ಲ, ಶೌಚಗುಂಡಿ ಇಲ್ಲ, ನೆಲಮಾಳಿಗೆ ಇಲ್ಲ, ಬಾವಿಯ ಬಾಯಿ ಮುಚ್ಚುವಂತಿಲ್ಲ. ಪಟ್ಟಿಯ ಅಗಲ ಎಷ್ಟಿರಬೇಕೆಂಬುದನ್ನು ಭೂವಿಜ್ಞಾನಿಗಳು ಸ್ಥಳ ನೋಡಿ ಹೇಳಬೇಕು.

ಪಾಲಿಕೆಯ ಗಡಿ ಹಿಗ್ಗಿದರೆ ನಗರದ ಮಹಾಯೋಜನೆಯನ್ನೂ ಪರಿಷ್ಕರಿಸಬೇಕಾಗುತ್ತದೆ. ಕರಡು ಪ್ರಕಟವಾದ ಮೇಲೆ ಸಾರ್ವಜನಿಕರ ಆಕ್ಷೇಪಣೆ ಸಲಹೆಗಳಿಗೆ ಪಟ್ಟಣ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 60 ದಿನಗಳ ಕಾಲ ಕೊಡುತ್ತದೆ. ನೌಬಾದ್, ಅಲಿಯಾಬಾದ್, ಗೊರನಳ್ಳಿ ಕಡೆಯ ನಿವಾಸಿಗಳು ಆ ಅವಧಿಯಲ್ಲಿ ಕರಡು ನಕ್ಷೆಯಲ್ಲಿ ನೋಡಬೇಕಾದದ್ದು ಎರಡು: ಕರೇಜಿನ ರೇಖೆಯನ್ನು ಬಣ್ಣದಲ್ಲಿ ಗುರುತಿಸಿದ್ದಾರೆಯೇ, ಒಳಚರಂಡಿಯ ಕೊಳವೆ ಮಾರ್ಗ ಅದನ್ನು ಎಲ್ಲೆಲ್ಲಿ ದಾಟುತ್ತದೆ. ಇಲ್ಲದಿದ್ದರೆ ಸರ್ವೆ ನಂಬರು ಸಹಿತ ಬರೆದು ಕೊಡಬೇಕು, ಸ್ವೀಕೃತಿ ಪಡೆಯಬೇಕು. ಅದಕ್ಕೂ ಮೊದಲು, ಮಳೆಗಾಲ ಕಳೆದು ಹುಲ್ಲು ಒಣಗಿದ ಮೇಲೆ ಬಾವಿಗಳ ಬಾಯಿ ಸುಲಭವಾಗಿ ಕಾಣುವ ದಿನಗಳಲ್ಲಿ, ಇರುವ ಪಂಚಾಯಿತಿ ಸದಸ್ಯರು, ಶಾಲೆಯ ಶಿಕ್ಷಕರು, ಸರ್ವೆಯರು ಮತ್ತು ಆ ಹೊಲಗಳಲ್ಲಿ ದುಡಿದ ಹಿರಿಯರು ಒಟ್ಟಿಗೆ ನಡೆದು ಪ್ರತಿ ಬಾವಿಗೂ ಒಂದು ನಂಬರು ಬರೆಸಿ, ಅದರ ಪಟ್ಟಿಯನ್ನು ಕೊನೆಯ ಗ್ರಾಮಸಭೆಯ ನಡಾವಳಿಯಲ್ಲಿ ದಾಖಲಿಸಿಡಬೇಕು.